ಎಂ.ಎ. ಆಯ್ತು, ಪಾಠ ಮಾಡೋದು ಬಿಟ್ಟರೆ ಬೇರೇನಿದೆ?

ಹೋದ ತಿಂಗಳು ಊರಿಗೆ ಹೋಗಲು ಫೋನಿನಲ್ಲೇ ಬಸ್ ಟಿಕೆಟ್ ತೆಗೆದೆ. ಆ್ಯಪ್‌ನ ಭಾಷೆ ಕನ್ನಡ ಅಂತ ಇಟ್ಟುಕೊಂಡಿದ್ದೆ. ದುಡ್ಡು ಕಟ್ಟಾದ ಕೂಡಲೇ ಮೆಸೇಜ್ ಬಂತು: "ಹಾಸನಗೆ ನಿಮ್ಮ ಸೀಟು ಖಚಿತವಾಗಿದೆ."

ಹಾಸನಗೆ! ಪಕ್ಕದಲ್ಲಿದ್ದ ಅಮ್ಮ ನೋಡಿ ನಕ್ಕರು. "ಇದನ್ನ ಬರೆದವನು ಯಾವ ಊರಿನವನಪ್ಪಾ" ಅಂದರು.

ಬರೆದವರಿಗೆ ಕನ್ನಡ ಬರಲ್ಲ ಅಂತ ಅನಿಸುತ್ತದೆ. ಆದರೆ ವಿಷಯ ಅದಲ್ಲ. ಆ್ಯಪ್‌ನ ಒಳಗೆ ಪೂರ್ತಿ ವಾಕ್ಯ ಇರುವುದೇ ಇಲ್ಲ. ಮದುವೆ ಪತ್ರಿಕೆಯ ಕವರ್ ಮೇಲೆ "ಶ್ರೀ ______ ಅವರಿಗೆ" ಅಂತ ಅಚ್ಚು ಹಾಕಿಸಿ, ಹೆಸರನ್ನು ಮಾತ್ರ ಪೆನ್ನಿನಲ್ಲಿ ಬರೆಯುತ್ತೇವಲ್ಲ, ಹಾಗೆ ಊರಿನ ಹೆಸರಿಗೆ ಜಾಗ ಖಾಲಿ ಬಿಟ್ಟಿರುತ್ತಾರೆ. ಇಂಗ್ಲಿಷಿನಲ್ಲಿ ಇದು ಸಲೀಸು. ಯಾವ ಊರಾದರೂ ಹಿಂದೆ "ಟು" ಹಾಕಿದರೆ ಮುಗೀತು. ಕನ್ನಡದಲ್ಲಿ ಹಾಗಲ್ಲ. ಹುಬ್ಬಳ್ಳಿ, ಶಿರಸಿ ಅಂದರೆ "ಗೆ" ಸಾಕು. ಮೈಸೂರು ಅಂದರೆ ಕೊನೆಯ ಉಕಾರ ಬಿದ್ದು ಮೈಸೂರಿಗೆ ಆಗುತ್ತದೆ. ಹಾಸನ, ಮಂಡ್ಯ, ಕೋಲಾರಕ್ಕೆ "ಕ್ಕೆ" ಬೇಕು. ಬೀದರ್ ಅಂದರೆ ಮತ್ತೆ "ಗೆ". ಖಾಲಿ ಜಾಗದ ಮುಂದೆ "ಗೆ" ಅಂತ ಅಂಟಿಸಿಬಿಟ್ಟರೆ ಅರ್ಧ ಕರ್ನಾಟಕ ತಪ್ಪಾಗುತ್ತದೆ.

ಸರಿಯಾದ ರೂಪ ನಮಗೆಲ್ಲ ಬಾಯಿಗೆ ತಾನೇ ಬರುತ್ತದೆ. ಯಾಕೆ ಹಾಗೆ ಅಂತ ಬಿಡಿಸಿ ಹೇಳಲು ಬರುವುದು ಕನ್ನಡ ವ್ಯಾಕರಣ ಓದಿದವರಿಗೆ. ಕೇಶಿರಾಜ 13ನೇ ಶತಮಾನದಲ್ಲಿ ಶಬ್ದಮಣಿದರ್ಪಣ ಬರೆದ. ಅದರ ವಿಭಕ್ತಿ ಪ್ರತ್ಯಯಗಳನ್ನು ಉರು ಹೊಡೆದು, ಪರೀಕ್ಷೆ ಬರೆದು, ಮರುದಿನವೇ ಮರೆತವರು ನಮ್ಮಲ್ಲಿ ಬೇಕಾದಷ್ಟಿದ್ದಾರೆ. ನಾನೂ ಅವರಲ್ಲೊಬ್ಬ. ಎರಡು ವರ್ಷ ಅತಿಥಿ ಉಪನ್ಯಾಸಕನಾಗಿದ್ದೆ. ಈಗ "ಹಾಸನಗೆ" ಥರದ್ದನ್ನು ಸರಿ ಮಾಡುವುದೇ ನನ್ನ ಸಂಬಳದ ಕೆಲಸ. ಇಂಥದೊಂದು ಕೆಲಸ ಇದೆ ಅಂತ ಓದುವಾಗ ನನಗೆ ಯಾರೂ ಹೇಳಿರಲಿಲ್ಲ. ಹೇಳಬೇಕಾದ ಮೇಷ್ಟ್ರುಗಳಿಗೂ ಗೊತ್ತಿರಲಿಲ್ಲ ಅನ್ನಿ.

ಡಿಗ್ರಿ ರಿಸಲ್ಟ್ ಬಂದಾಗಲೆಲ್ಲ ಮನೆ ಮನೆಯಲ್ಲಿ ಅದೇ ಪ್ರಶ್ನೆ ಏಳುತ್ತದೆ. ಬಿ.ಎ., ಎಂ.ಎ. ಆದವರಿಗೆ ಕಾಲೇಜಿನ ಹೊರಗೆ ಏನಿದೆ? ಬುಡದಿಂದ ನೋಡೋಣ.

ಮೊದಲು ಹೆಸರುಗಳು

ಮಾನವಿಕ ವಿಷಯಗಳು ಅಂದರೆ ಸಾಹಿತ್ಯ, ಭಾಷೆ, ಇತಿಹಾಸ, ತತ್ವಶಾಸ್ತ್ರ, ಜಾನಪದ, ಭಾಷಾಶಾಸ್ತ್ರ ಇಂಥವು. ಸಮಾಜಶಾಸ್ತ್ರ, ರಾಜ್ಯಶಾಸ್ತ್ರಗಳನ್ನು ವಿಶ್ವವಿದ್ಯಾಲಯದವರು ಬೇರೆ ಗುಂಪಿನಲ್ಲಿಡುತ್ತಾರೆ, ಆದರೆ ನಮ್ಮ ಕಾಲೇಜುಗಳಲ್ಲಿ ಎಲ್ಲವೂ ಒಟ್ಟಿಗೆ "ಆರ್ಟ್ಸ್". ಎಚ್‌ಇಪಿ, ಎಚ್‌ಇಕೆ ಅಂತ ಕಾಂಬಿನೇಶನ್ (ಇತಿಹಾಸ, ಅರ್ಥಶಾಸ್ತ್ರದ ಜೊತೆ ರಾಜ್ಯಶಾಸ್ತ್ರ ಅಥವಾ ಕನ್ನಡ) ತೆಗೆದುಕೊಂಡವರಿಗೆ ಈ ಲೇಖನ ಪೂರ್ತಿ ಅನ್ವಯಿಸುತ್ತದೆ.

ಅಕಾಡೆಮಿಕ್ ದಾರಿ ಅಂದರೆ ಎಂ.ಎ., ಆಮೇಲೆ ನೆಟ್ ಅಥವಾ ಕೆಸೆಟ್, ಆಗುವುದಾದರೆ ಪಿಎಚ್.ಡಿ., ಕೊನೆಗೆ ಸಹಾಯಕ ಪ್ರಾಧ್ಯಾಪಕ ಹುದ್ದೆ. ನೆಟ್ ಇಡೀ ದೇಶಕ್ಕೆ ನಡೆಯುವ ಪರೀಕ್ಷೆ, ಕೆಸೆಟ್ ನಮ್ಮ ರಾಜ್ಯದ್ದು. ಇಲ್ಲಿ ಜಾಸ್ತಿ ಜನ ಎಡವುವ ಒಂದು ವಿಷಯ ಇದೆ. ನೆಟ್ ಪಾಸಾದರೆ ಕೆಲಸ ಸಿಕ್ಕಿತು ಅಂತಲ್ಲ. ಅದು ಡ್ರೈವಿಂಗ್ ಲೈಸೆನ್ಸ್ ಇದ್ದ ಹಾಗೆ. ಬಸ್ ಓಡಿಸಲು ನಿಮಗೆ ಅರ್ಹತೆ ಇದೆ ಅಂತ ಅದು ಹೇಳುತ್ತದೆ, ಬಸ್ಸನ್ನು ಮಾತ್ರ ಬೇರೆ ಯಾರೋ ಕೊಡಬೇಕು. ಹುದ್ದೆಗೆ ಸರ್ಕಾರ ಅರ್ಜಿ ಕರೆಯಬೇಕು, ಅದು ಯಾವಾಗಲೋ ಒಮ್ಮೆ. ನಡುವಿನ ವರ್ಷಗಳಲ್ಲಿ ಸರ್ಕಾರಿ ಪದವಿ ಕಾಲೇಜುಗಳನ್ನು ನಡೆಸಿಕೊಂಡು ಹೋಗುವವರು 10,000ಕ್ಕೂ ಹೆಚ್ಚು ಅತಿಥಿ ಉಪನ್ಯಾಸಕರು. ಅವರ ಗೌರವಧನ 2022ರಲ್ಲಿ ಏರಿ ತಿಂಗಳಿಗೆ 26,000ದಿಂದ 32,000 ರೂಪಾಯಿ ಆಯಿತು. ಅದಕ್ಕೂ ಮೊದಲು 13,000ದ ಆಸುಪಾಸಿನಲ್ಲಿತ್ತು. ಹೆಸರು ಅತಿಥಿ, ಇರುವುದು ಹತ್ತು ಹದಿನೈದು ವರ್ಷ.

ಪಾಠ ಮಾಡುವುದು ಕೆಟ್ಟ ಕೆಲಸ ಅಂತ ನಾನು ಹೇಳುತ್ತಿಲ್ಲ. ಕ್ಲಾಸಿನಲ್ಲಿ ನಿಂತಾಗಿನ ಖುಷಿ ಈಗಿನ ಕೆಲಸದಲ್ಲಿ ನನಗೆ ಸಿಕ್ಕಿಲ್ಲ. ಇರುವ ಸೀಟು ಕಡಿಮೆ, ಸಾಲು ಉದ್ದ ಅಷ್ಟೇ.

ಡಿಗ್ರಿಯಲ್ಲಿ ನಿಜವಾಗಿ ಕಲಿತದ್ದೇನು?

ಇಂಜಿನಿಯರಿಂಗ್ ಓದಿದವರಿಗೆ ತಮ್ಮ ಕೌಶಲದ ಹೆಸರು ಗೊತ್ತಿರುತ್ತದೆ. ಜಾವಾ ಬರುತ್ತೆ, ಆಟೋಕ್ಯಾಡ್ ಬರುತ್ತೆ ಅಂತ ಹೇಳುತ್ತಾರೆ. ನಮ್ಮನ್ನು ಕೇಳಿದರೆ "ಹಳೆಗನ್ನಡ ಓದಿದ್ದೇನೆ" ಅನ್ನುತ್ತೇವೆ. ಕೇಳಿದವರು "ಓಹೋ" ಅಂತ ಸುಮ್ಮನಾಗುತ್ತಾರೆ. ಓದಿದ ವಿಷಯ ಬೇರೆ, ಓದುತ್ತಾ ಕೈಗೆ ಬಂದ ಕಸುಬು ಬೇರೆ.

ಇತಿಹಾಸದ ವಿದ್ಯಾರ್ಥಿಯನ್ನೇ ನೋಡಿ. ಒಂದು ದಾಖಲೆ ಸಿಕ್ಕರೆ ಅವರು ಕೇಳುವ ಪ್ರಶ್ನೆಗಳಿವೆ. ಇದನ್ನು ಬರೆದವರು ಯಾರು? ಯಾವಾಗ? ಯಾರು ಓದಲಿ ಅಂತ? ಹೀಗೆ ಬರೆದದ್ದರಿಂದ ಅವರಿಗೇನು ಲಾಭ? ಇದನ್ನೇ ಹೇಳುವ ಬೇರೆ ದಾಖಲೆ ಇದೆಯಾ? ಈಗ ವಾಟ್ಸಾಪ್‌ನಲ್ಲಿ ಬಂದ ಒಂದು ವಿಡಿಯೋ ಮುಂದೆ ಇದೇ ಪ್ರಶ್ನೆಗಳನ್ನು ಇಡಿ. ಸುದ್ದಿ ಸಂಸ್ಥೆಗಳ ಫ್ಯಾಕ್ಟ್ ಚೆಕ್ ವಿಭಾಗದಲ್ಲಿ ದಿನವಿಡೀ ನಡೆಯುವುದು ಅದೇ. ಫೋಟೋ ಮೊದಲು ಎಲ್ಲಿ ಬಂದಿತ್ತು ಅಂತ ಹುಡುಕುವ ಒಂದೆರಡು ಸಲಕರಣೆ ಕಲಿಯಬೇಕಾಗುತ್ತದೆ, ಅದಕ್ಕೆ ಹದಿನೈದು ದಿನ ಸಾಕು. ಪ್ರಶ್ನೆ ಕೇಳುವ ಅಭ್ಯಾಸಕ್ಕೆ ಮಾತ್ರ ವರ್ಷಗಳು ಬೇಕು, ಅವು ನಿಮಗೆ ಆಗಲೇ ಕಳೆದಿವೆ.

ನೂರು ಪುಟ ಓದಿ ಎರಡು ಪುಟಕ್ಕೆ ಇಳಿಸುವುದು, ಒಂದೇ ಮಾತನ್ನು ಬೇರೆ ಬೇರೆ ಓದುಗರಿಗೆ ಬೇರೆ ಬೇರೆ ರೀತಿ ಹೇಳುವುದು, ಎದುರಿಗಿರುವವರ ಬಾಯಿ ಬಿಡಿಸುವುದು, ಇವೂ ಹಾಗೇ ಕೈಗೆ ಬಂದವು. ಇವಕ್ಕೆ ಹೊರಗೆ ಬೆಲೆ ಇದೆ. ಹೆಸರು ಮಾತ್ರ ಬೇರೆ.

ಭಾಷೆಯನ್ನೇ ನಂಬಿದ ಕೆಲಸಗಳು

ನನಗೆ ಹತ್ತಿರದ್ದು ಇದೇ ಆದ್ದರಿಂದ ಸ್ವಲ್ಪ ಉದ್ದ ಹೇಳುತ್ತೇನೆ.

ಶುರುವಿನಲ್ಲಿ ಹೇಳಿದ ಕೆಲಸಕ್ಕೆ ಲೋಕಲೈಸೇಶನ್ ಅನ್ನುತ್ತಾರೆ. ಆ್ಯಪ್, ವೆಬ್‌ಸೈಟ್, ಎಟಿಎಂ ಪರದೆ, ಮಿಕ್ಸಿ ಜೊತೆ ಬರುವ ಪುಸ್ತಿಕೆ, ಎಲ್ಲವನ್ನೂ ಇಲ್ಲಿನ ಜನ ಬಳಸುವ ಭಾಷೆಗೆ ಒಗ್ಗಿಸುವುದು. ಬರೀ ಅನುವಾದ ಅಂದುಕೊಂಡು ಇಳಿದರೆ ಮೊದಲ ದಿನವೇ ಪೆಟ್ಟು ಬೀಳುತ್ತದೆ. ಯಾಕೆಂದರೆ ನಿಮ್ಮ ಕೈಗೆ ಬರುವುದು ಪ್ಯಾರಾ ಅಲ್ಲ, ಒಂಟಿ ತುಣುಕುಗಳು. ಇವಕ್ಕೆ ಸ್ಟ್ರಿಂಗ್ ಅಂತ ಹೆಸರು. "ಬುಕ್" ಅಂತ ಒಂದೇ ಪದ ಬರುತ್ತದೆ. ಪುಸ್ತಕವಾ, ಕಾಯ್ದಿರಿಸಿ ಅಂತಲಾ? "ಹೋಮ್" ಅಂತ ಬರುತ್ತದೆ. ಮುಖಪುಟವಾ, ಅಥವಾ ಪಾರ್ಸಲ್ ತಲುಪಿಸುವ ವಿಳಾಸದಲ್ಲಿ ಬರುವ "ಮನೆ"ಯಾ? ಅದು ಪರದೆಯ ಯಾವ ಮೂಲೆಯಲ್ಲಿ ಕೂರುತ್ತದೆ ಅಂತ ಕೇಳಿ ತಿಳಿದುಕೊಂಡೇ ಬರೆಯಬೇಕು. ಬಟನ್ ಚಿಕ್ಕದು, ಕನ್ನಡ ಪದ ಉದ್ದ. "ಸಲ್ಲಿಸಿ" ಹಿಡಿಸುತ್ತದೆ, "ಅರ್ಜಿಯನ್ನು ಸಲ್ಲಿಸಿರಿ" ಅಂದರೆ ಅರ್ಧ ಕತ್ತರಿಸಿ ಹೋಗುತ್ತದೆ. ಹಾಸನದ ಸಮಸ್ಯೆಗೂ ಪರಿಹಾರ ಇದೆ: ಊರಿಗೆ ಪ್ರತ್ಯಯವೇ ಹತ್ತದ ಹಾಗೆ ವಾಕ್ಯ ತಿರುಗಿಸುವುದು. "ತಲುಪುವ ಊರು: ಹಾಸನ. ನಿಮ್ಮ ಸೀಟು ಖಚಿತವಾಗಿದೆ." ಅಷ್ಟೇ. ಹೀಗೆ ತಿರುಗಿಸಬೇಕು ಅಂತ ಹೊಳೆಯುವುದಕ್ಕೇ ಕಂಪನಿ ದುಡ್ಡು ಕೊಡುವುದು.

ನಾನು ಮೊದಲ ಸಲ ಸ್ಯಾಂಪಲ್ ಕಳಿಸಿದಾಗ ಆದದ್ದು ಕೇಳಿ. ರಾತ್ರಿಯೆಲ್ಲ ಕೂತು ಅನುವಾದ ಮಾಡಿ, ನಮ್ಮ ಕಾಲೇಜಿನಲ್ಲಿ ಪ್ರಶ್ನೆಪತ್ರಿಕೆ ಟೈಪ್ ಮಾಡುತ್ತಿದ್ದ ಹಳೆಯ ನುಡಿ ಫಾಂಟಿನಲ್ಲೇ ಕಳಿಸಿದೆ. ಅವರು ಫೈಲ್ ತೆರೆದರೆ ತಲೆ ಮೇಲೆ ಗೆರೆ ಹೊತ್ತ ಇಂಗ್ಲಿಷ್ ಅಕ್ಷರಗಳು, ನಡುವೆ ಪೌಂಡ್ ಗುರುತುಗಳು. ಕನ್ನಡ ಒಂದಕ್ಷರವೂ ಇಲ್ಲ. ಹಳೆಯ ಫಾಂಟುಗಳು ಇಂಗ್ಲಿಷ್ ಅಕ್ಷರದ ಮೇಲೆ ಕನ್ನಡದ ವೇಷ ಹಾಕಿರುತ್ತವೆ, ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ವೇಷ ಕಳಚುತ್ತದೆ. ಯುನಿಕೋಡ್‌ನಲ್ಲಿ ಪ್ರತಿ ಕನ್ನಡ ಅಕ್ಷರಕ್ಕೂ ತನ್ನದೇ ಸಂಖ್ಯೆ ಇದೆ, ಎಲ್ಲಿ ತೆರೆದರೂ ಕನ್ನಡವೇ. ಇವತ್ತಿಗೂ ಎಷ್ಟೋ ಮುದ್ರಣದ ಮನೆಗಳು ಹಳೆಯ ನುಡಿಯಲ್ಲೇ ನಡೆಯುತ್ತವೆ, ಆ್ಯಪ್‌ಗಳಿಗೆ ಮಾತ್ರ ಯುನಿಕೋಡ್ ಬೇಕೇ ಬೇಕು. ಎರಡೂ ಗೊತ್ತಿದ್ದರೆ ಒಳ್ಳೆಯದು.

ಎರಡನೆಯದು ಸಬ್‌ಟೈಟಲ್ ಮತ್ತು ಡಬ್ಬಿಂಗ್. ಕನ್ನಡ ಚಿತ್ರರಂಗದಲ್ಲಿ ದಶಕಗಳ ಕಾಲ ಡಬ್ಬಿಂಗ್‌ಗೆ ಅಘೋಷಿತ ತಡೆ ಇತ್ತು. ವ್ಯಾಪಾರದಲ್ಲಿ ಪೈಪೋಟಿಗೆ ಯಾರೂ ಅಡ್ಡಗಾಲು ಹಾಕದಂತೆ ನೋಡಿಕೊಳ್ಳುವ ಭಾರತೀಯ ಸ್ಪರ್ಧಾ ಆಯೋಗ 2015ರಲ್ಲಿ ಈ ತಡೆ ತಪ್ಪು ಅಂತ ಹೇಳಿತು. ಆಮೇಲೆ ಬಾಗಿಲು ನಿಧಾನಕ್ಕೆ ತೆರೆಯಿತು. 2020ರ ಲಾಕ್‌ಡೌನ್‌ನಲ್ಲಿ ಟಿವಿಯಲ್ಲಿ ಕನ್ನಡ ಮಾತಾಡಿದ ಮಹಾಭಾರತವನ್ನು ಮನೆಮಂದಿಯೆಲ್ಲ ಕೂತು ನೋಡಿದ್ದು ನೆನಪಿದೆ ಅಲ್ವಾ? ಡಬ್ಬಿಂಗ್ ಸರಿಯೋ ತಪ್ಪೋ ಅನ್ನುವ ಜಗಳ ಬೇರೆ. ಅದರಿಂದ ಸಂಭಾಷಣೆ ಬರೆಯುವವರಿಗೆ ಕೆಲಸ ಹುಟ್ಟಿತು ಅನ್ನುವುದಷ್ಟೇ ಇಲ್ಲಿನ ಮಾತು.

ಡಬ್ಬಿಂಗ್ ಬರೆಯುವವರು ಅರ್ಥದ ಜೊತೆಗೆ ತುಟಿಯನ್ನೂ ನೋಡಬೇಕು. ಪ, ಬ, ಮ ಹೇಳುವಾಗ ತುಟಿ ಮುಚ್ಚುತ್ತದೆ. ತೆರೆಯ ಮೇಲಿನ ನಟ ತುಟಿ ಮುಚ್ಚಿ ಮಾತು ಶುರು ಮಾಡಿದ್ದರೆ "ಇಲ್ಲ" ಹೊಂದುವುದಿಲ್ಲ, "ಬೇಡ" ಹೊಂದುತ್ತದೆ. ಸಬ್‌ಟೈಟಲ್‌ನಲ್ಲಿ ತುಟಿಯ ಚಿಂತೆ ಇಲ್ಲ, ಸಮಯದ್ದಿದೆ. ಒಂದು ಸಲಕ್ಕೆ ಸಾಮಾನ್ಯವಾಗಿ ಎರಡೇ ಸಾಲು, ಓದಲು ಕೆಲವೇ ಸೆಕೆಂಡು. "ನೀನು ಬರದೇ ಇದ್ದರೆ ನಾನೂ ಹೋಗುವುದಿಲ್ಲ ಅಂತ ಆವತ್ತೇ ಹೇಳಿದ್ದೆನಲ್ಲ" ಅನ್ನುವುದನ್ನು "ನೀನಿಲ್ಲದೆ ಹೋಗಲ್ಲ ಅಂದಿದ್ದೆ" ಅಂತ ಇಳಿಸಬೇಕು. ಜಾಸ್ತಿ ಹೇಳದೆ ಪೂರ್ತಿ ಹೇಳುವುದು. ವಚನ ಓದಿದವರಿಗೆ ಇದು ಹೊಸದೇನಲ್ಲ.

ಕಾನೂನಿನ ಅನುವಾದ ಇನ್ನೊಂದು ಲೋಕ. ಸುಪ್ರೀಂ ಕೋರ್ಟಿನ ತೀರ್ಪುಗಳನ್ನು ಭಾರತೀಯ ಭಾಷೆಗಳಿಗೆ ತರಲು 2019ರಲ್ಲಿ ಸುವಾಸ್ ಅನ್ನುವ ತಂತ್ರಾಂಶ ಬಂತು. ಮೊದಲು ಯಂತ್ರ ಅನುವಾದ ಮಾಡುತ್ತದೆ, ಆಮೇಲೆ ಮನುಷ್ಯರು ತಿದ್ದುತ್ತಾರೆ. ತಿದ್ದದಿದ್ದರೆ ಏನಾಗುತ್ತದೆ? "ಮಾಡಬಹುದು" ಮತ್ತು "ಮಾಡತಕ್ಕದ್ದು" ನಡುವೆ ಮಾತಿನಲ್ಲಿ ಸಣ್ಣ ವ್ಯತ್ಯಾಸ. ಕಾಯ್ದೆಯಲ್ಲಿ ಮೊದಲನೆಯದು ಇಷ್ಟವಿದ್ದರೆ ಮಾಡು, ಎರಡನೆಯದು ಮಾಡಲೇಬೇಕು. ಒಂದು ಪದ ತಪ್ಪಿದರೆ ಯಾರದೋ ಜಮೀನಿನ ಹಕ್ಕು ಆ ಕಡೆಯಿಂದ ಈ ಕಡೆಗೆ ಬಂದಂತೆ ಕಾಣುತ್ತದೆ.

ಇನ್ನು ಎಐ. ಎಲ್ಲರೂ ಕೇಳುವುದು "ಅದು ಬಂದ ಮೇಲೆ ನಿಮ್ಮ ಕೆಲಸ ಇರುತ್ತಾ?" ಅಂತ. ಕೆಲಸ ಹೋಗುತ್ತಿದೆ ಅನ್ನುವುದೂ ನಿಜ, ಹೊಸದು ಹುಟ್ಟುತ್ತಿದೆ ಅನ್ನುವುದೂ ನಿಜ. ಸುಮ್ನೆ ಇಂಗ್ಲಿಷಿನದನ್ನು ಕನ್ನಡಕ್ಕೆ ಇಳಿಸಿಕೊಡುವ ಕೆಲಸಕ್ಕೆ ಮೊದಲಿನ ದರ ಸಿಗುತ್ತಿಲ್ಲ. ಯಂತ್ರ ಮಾಡಿದ್ದನ್ನು ತಿದ್ದಿ ಕೊಡಿ, ಅರ್ಧ ದುಡ್ಡು ತಗೊಳ್ಳಿ ಅನ್ನುವವರೇ ಜಾಸ್ತಿ. ಇನ್ನೊಂದು ಕಡೆ, ಯಂತ್ರಕ್ಕೆ ಕನ್ನಡ ಕಲಿಸುವುದೇ ಹೊಸ ಕೆಲಸವಾಗಿದೆ. ಕೇಂದ್ರ ಸರ್ಕಾರದ ಭಾಷಿಣಿ ಯೋಜನೆ 2022ರಲ್ಲಿ ಶುರುವಾಯಿತು. ಬೆಂಗಳೂರಿನ ಐಐಎಸ್‌ಸಿಯಲ್ಲಿ ಗೂಗಲ್ ಜೊತೆ ಸೇರಿ ನಡೆಸುತ್ತಿರುವ ವಾಣಿ ಯೋಜನೆ ಜಿಲ್ಲೆ ಜಿಲ್ಲೆಯ ಜನರ ಮಾತನ್ನು ದಾಖಲಿಸುತ್ತದೆ. ಇಂಥ ಕಡೆ ಮಾತನ್ನು ಕೇಳಿ ಬರಹಕ್ಕೆ ಇಳಿಸುವವರು ಬೇಕು, ಯಂತ್ರ ಕೊಟ್ಟ ಎರಡು ಉತ್ತರದಲ್ಲಿ ಯಾವುದು ಕನ್ನಡದ ಹಾಗಿದೆ ಅಂತ ಹೇಳುವವರು ಬೇಕು. ಕಲಬುರಗಿಯ ಮಾತನ್ನೂ ಕುಂದಾಪುರದ ಮಾತನ್ನೂ ಕೇಳಿ ಸರಿಯಾಗಿ ಬರೆದುಕೊಳ್ಳಬಲ್ಲವರು ತುಂಬಾ ಕಡಿಮೆ. ಆದರೆ ಇಲ್ಲಿ ಹೆಚ್ಚಿನದು ಲೆಕ್ಕದ ಕೆಲಸ, ಇಷ್ಟು ವಾಕ್ಯಕ್ಕೆ ಇಷ್ಟು ಅಂತ. ಎರಡು ತಿಂಗಳು ಕೈತುಂಬ, ಆಮೇಲೆ ಒಂದು ತಿಂಗಳು ಏನೂ ಇಲ್ಲ. ಮನೆ ಬಾಡಿಗೆಯನ್ನು ಇದೊಂದರ ಮೇಲೆ ನಂಬಿ ಕೂರಬೇಡಿ.

ಹಳೆಯದನ್ನು ಕಾಯುವ ಕೆಲಸಗಳು

ಗ್ರಂಥಾಲಯ ಮತ್ತು ಆರ್ಕೈವ್ ಎರಡೂ ಒಂದೇ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಗ್ರಂಥಾಲಯದ ಪುಸ್ತಕ ಕಳೆದರೆ ಇನ್ನೊಂದು ಪ್ರತಿ ತರಿಸಬಹುದು. ಆರ್ಕೈವ್‌ನಲ್ಲಿರುವ ಪತ್ರ, ಕಡತ, ಡೈರಿ ಜಗತ್ತಿಗೆ ಒಂದೇ. ನಮ್ಮಲ್ಲಿ ರಾಜ್ಯ ಪತ್ರಾಗಾರ ಅನ್ನುವುದು ಇದನ್ನೇ.

ನಿಮ್ಮ ಅಜ್ಜನ ಟ್ರಂಕ್ ತೆರೆದಿರಿ ಅಂತ ಇಟ್ಟುಕೊಳ್ಳಿ. ಒಳಗೆ ಸಾಲದ ಚೀಟಿ, ಅದರ ಕೆಳಗೆ ಒಂದು ಕಾಗದ, ಅದಕ್ಕೆ ಪಿನ್ ಮಾಡಿದ ಬಸ್ ಟಿಕೆಟ್. ನೀಟಾಗಿ ಇಡೋಣ ಅಂತ ಕಾಗದಗಳನ್ನೆಲ್ಲ ಒಂದು ಕಡೆ, ಟಿಕೆಟ್‌ಗಳನ್ನೆಲ್ಲ ಒಂದು ಕಡೆ ಮಾಡಿದಿರಿ. ಸಾಲ ಕೇಳಲು ಅಜ್ಜ ಯಾವ ಊರಿಗೆ ಹೋಗಿದ್ದರು ಅನ್ನುವ ಕತೆ ಅಲ್ಲಿಗೆ ಮುಗೀತು. ಹಾಗಾಗಿ ಆರ್ಕೈವಿಸ್ಟ್ ಮಾಡುವ ಮೊದಲ ಕೆಲಸ ಇದ್ದದ್ದನ್ನು ಇದ್ದ ಹಾಗೇ ಬರೆದುಕೊಳ್ಳುವುದು. ಆಮೇಲೆ ಸ್ಕ್ಯಾನ್, ವಿವರಣೆ, ಪಟ್ಟಿ. ಆ ವಿವರಣೆ ಬರೆಯುವುದರಲ್ಲೇ ಇತಿಹಾಸದ ಓದು ಕೆಲಸಕ್ಕೆ ಬರುವುದು.

ಇಂಥವರನ್ನು ಸರ್ಕಾರ ಮಾತ್ರ ಇಟ್ಟುಕೊಳ್ಳುತ್ತದೆ ಅಂತೇನಿಲ್ಲ. ಬೆಂಗಳೂರಿನ ಎನ್‌ಸಿಬಿಎಸ್ ಜೀವವಿಜ್ಞಾನದ ಸಂಸ್ಥೆ. ಅದರೊಳಗೆ 2019ರಿಂದ ಭಾರತದ ವಿಜ್ಞಾನದ ಇತಿಹಾಸಕ್ಕೇ ಮೀಸಲಾದ ಒಂದು ಸಾರ್ವಜನಿಕ ಆರ್ಕೈವ್ ಇದೆ. ಕಂಪನಿಗಳೂ ತಮ್ಮ ಹಳೆಯ ಕಾಗದ ಕಾಯುತ್ತವೆ: ಪುಣೆಯಲ್ಲಿ ಟಾಟಾದವರದ್ದು, ಮುಂಬೈನಲ್ಲಿ ಗೋದ್ರೆಜ್‌ನವರದ್ದು. ಮ್ಯೂಸಿಯಂಗಳ ಕತೆಯೂ ಅದೇ. ಬೆಂಗಳೂರಿನ ಜೆ.ಪಿ. ನಗರದಲ್ಲಿ ಸಂಗೀತದ್ದು 2019ರಲ್ಲಿ, ಕಸ್ತೂರ್ಬಾ ರಸ್ತೆಯಲ್ಲಿ ಕಲೆ ಮತ್ತು ಛಾಯಾಚಿತ್ರದ್ದು 2023ರಲ್ಲಿ ತೆರೆದವು. ಚಿತ್ರದ ಪಕ್ಕ ಅಂಟಿಸುವ ಆರು ಸಾಲಿನ ಬರಹ ಇರುತ್ತದಲ್ಲ, ಅದನ್ನು ಯಾರೋ ಕೂತು ಬರೆದಿರುತ್ತಾರೆ. ಪ್ರೊಫೆಸರ್ ಓದಿದರೂ ತಪ್ಪಿರಬಾರದು, ಏಳನೇ ಕ್ಲಾಸಿನ ಮಗು ಓದಿದರೂ ಅರ್ಥವಾಗಬೇಕು. ಒಮ್ಮೆ ಬರೆದು ನೋಡಿ, ಬೆವರು ಬರುತ್ತದೆ.

ಶಾಸನದ ಕೆಲಸ ಕರ್ನಾಟಕದವರಿಗೆ ವಿಶೇಷ. ಭಾರತೀಯ ಪುರಾತತ್ವ ಇಲಾಖೆಯ ಶಾಸನ ವಿಭಾಗದ ಮುಖ್ಯ ಕಚೇರಿ ಮೈಸೂರಿನಲ್ಲೇ ಇದೆ. ಶಾಸನದ ಪ್ರತಿ ತೆಗೆಯುವುದಕ್ಕೆ ಪಡಿಯಚ್ಚು ಅನ್ನುತ್ತಾರೆ. ಕಲ್ಲನ್ನು ಚೆನ್ನಾಗಿ ತೊಳೆದು, ಒದ್ದೆ ಕಾಗದ ಹಾಸಿ, ಬ್ರಷ್‌ನಿಂದ ಬಡಿಯುತ್ತಾರೆ. ಕಾಗದ ಅಕ್ಷರದ ಹಳ್ಳಕ್ಕೆ ಇಳಿದು ಕೂರುತ್ತದೆ. ಮೇಲೆ ಮಸಿ ಒತ್ತಿದರೆ ಹಳ್ಳ ಬಿಳಿಯಾಗೇ ಉಳಿದು ಸುತ್ತ ಕಪ್ಪಾಗುತ್ತದೆ. ಈಗ ಕ್ಯಾಮೆರಾ ಹಿಡಿದು ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡುವ ಕ್ರಮವೂ ಬಂದಿದೆ. 1909ರಲ್ಲಿ ಶುರುವಾದ ಬೆಂಗಳೂರಿನ ಮಿಥಿಕ್ ಸೊಸೈಟಿ ನಗರದ ಸುತ್ತಲಿನ ಶಾಸನಗಳನ್ನು ಹಾಗೆ ದಾಖಲಿಸುತ್ತಿದೆ. ಹೆಬ್ಬಾಳದಲ್ಲಿ ಸಿಕ್ಕ ಕಿತ್ತಯ್ಯನ ವೀರಗಲ್ಲು ಕ್ರಿ.ಶ. 750ರ ಸುಮಾರಿನದು. ಸ್ಕ್ಯಾನರ್ ಗೀಟುಗಳನ್ನು ಚೆಂದ ತೋರಿಸುತ್ತದೆ. ಆ ಗೀಟು ಯಾವ ಅಕ್ಷರ, ಆ ಪದಕ್ಕೆ ಆಗ ಏನರ್ಥ ಅಂತ ಹೇಳಲು ಹಳೆಗನ್ನಡ ಓದಿದವರೇ ಬೇಕು.

ಒಂದು ಮಾತು ಮುಚ್ಚಿಡಬಾರದು. ಇಲ್ಲಿ ಖಾಯಂ ಹುದ್ದೆಗಳು ಕಡಿಮೆ. ಒಂದು ವರ್ಷದ ಪ್ರಾಜೆಕ್ಟ್, ಎರಡು ವರ್ಷದ ಫೆಲೋಶಿಪ್, ಹೀಗೇ ನಡೆಯುತ್ತದೆ. ಪ್ರೀತಿ ಇದ್ದವರು ಹೋಗುತ್ತಾರೆ.

ಗೈಡ್ ಕೆಲಸವನ್ನು ಓದಿದವರು ಯಾಕೋ ಕೀಳಾಗಿ ನೋಡುತ್ತಾರೆ. ಹಂಪಿ 1986ರಲ್ಲಿ, ಪಟ್ಟದಕಲ್ಲು 1987ರಲ್ಲಿ, ಬೇಲೂರು, ಹಳೇಬೀಡು, ಸೋಮನಾಥಪುರ 2023ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿದವು. ಕೇಂದ್ರ ಪ್ರವಾಸೋದ್ಯಮ ಸಚಿವಾಲಯ ಆನ್‌ಲೈನ್‌ನಲ್ಲೇ ಟೂರಿಸ್ಟ್ ಫೆಸಿಲಿಟೇಟರ್ ಅನ್ನುವ ಸರ್ಟಿಫಿಕೇಟ್ ಕೋರ್ಸ್ ನಡೆಸುತ್ತದೆ. "ಈ ಶಿಲಾಬಾಲಿಕೆ ಕನ್ನಡಿ ನೋಡುತ್ತಿದ್ದಾಳೆ" ಅಂತ ಹೇಳಿ ಮುಂದೆ ಹೋಗುವ ಗೈಡ್‌ಗೂ, ಆ ಶಿಲ್ಪ ಕಡೆದವರು ತಮ್ಮ ಹೆಸರನ್ನು ಕೆಳಗೆ ಕೊರೆದಿದ್ದಾರೆ ನೋಡಿ ಅಂತ ಬಗ್ಗಿ ತೋರಿಸುವ ಗೈಡ್‌ಗೂ ಬರುವ ಜನ ಬೇರೆ, ಸಿಗುವ ದುಡ್ಡೂ ಬೇರೆ.

ಜನರ ಮಾತು ಕೇಳುವ ಕೆಲಸಗಳು

ಸಮಾಜಶಾಸ್ತ್ರ, ಜಾನಪದ ಓದಿದವರು ಹಳ್ಳಿಗೆ ಹೋಗಿ, ಜಗಲಿಯಲ್ಲಿ ಕೂತು, ಕೊಟ್ಟ ಕಾಫಿ ಕುಡಿದು ಮಾತಾಡಿಸಿ ಬಂದಿರುತ್ತಾರೆ. ಕ್ಷೇತ್ರಕಾರ್ಯ ಅಂತ ಅದಕ್ಕೆ ಅಂಕ ಸಿಕ್ಕಿತು, ಮರೆತರು. ಕಂಪನಿಗಳಲ್ಲಿ ಇದಕ್ಕೆ ಯೂಸರ್ ರಿಸರ್ಚ್ ಅನ್ನುತ್ತಾರೆ, ಅಂದರೆ ಬಳಸುವವರನ್ನು ಅರ್ಥ ಮಾಡಿಕೊಳ್ಳುವುದು.

ಲೆಕ್ಕ ಹೇಳುವುದು "ಎಷ್ಟು ಜನ" ಅಂತ ಮಾತ್ರ. ಯಾಕೆ ಅಂತ ತಿಳಿಯಲು ಕೂತು ಕೇಳಬೇಕು. ಒಬ್ಬ ಹೆಂಗಸನ್ನು "ನಿಮ್ಮ ಹತ್ತಿರ ಸ್ಮಾರ್ಟ್‌ಫೋನ್ ಇದೆಯಾ ಅಮ್ಮಾ?" ಅಂದರೆ "ಇದೆ" ಅನ್ನುತ್ತಾರೆ. ಫಾರಂನಲ್ಲಿ ಟಿಕ್ ಬೀಳುತ್ತದೆ. ಇನ್ನೂ ಹತ್ತು ನಿಮಿಷ ಕೂತರೆ ಅದು ಮಗನ ಫೋನು, ಅವನು ಕೆಲಸ ಮುಗಿಸಿ ರಾತ್ರಿ ಬಂದ ಮೇಲೆ ಮಾತ್ರ ಮನೆಯಲ್ಲಿರುತ್ತದೆ ಅಂತ ಗೊತ್ತಾಗುತ್ತದೆ. ಬೆಳಗ್ಗೆ ಹತ್ತಕ್ಕೆ ಆ ಅಮ್ಮನಿಗೆ ಮಾತ್ರೆ ನೆನಪಿಸುವ ಆ್ಯಪ್ ಮಾಡಿ ಏನು ಉಪಯೋಗ? ಆ ಹತ್ತು ನಿಮಿಷ ಕೂರುವುದೇ ಕೆಲಸ.

ಸ್ವಯಂಸೇವಾ ಸಂಸ್ಥೆಗಳಲ್ಲೂ ಇಂಥವರು ಬೇಕು. ಅಜೀಂ ಪ್ರೇಮ್‌ಜಿ ಫೌಂಡೇಶನ್ ಯಾದಗಿರಿ, ಕಲಬುರಗಿಯಂಥ ಜಿಲ್ಲೆಗಳಲ್ಲಿ ಸರ್ಕಾರಿ ಶಾಲೆಯ ಶಿಕ್ಷಕರ ಜೊತೆ ಕೆಲಸ ಮಾಡುತ್ತದೆ. ಮಕ್ಕಳ ಪುಸ್ತಕ ಮಾಡುವ ಬೆಂಗಳೂರಿನ ಪ್ರಥಮ್ ಬುಕ್ಸ್ 2004ರಲ್ಲಿ ಶುರುವಾದದ್ದು. ಇವೆಲ್ಲ ಕಡೆ ವರದಿ ಬರೆಯುವುದು, ತರಬೇತಿಗೆ ಪಠ್ಯ ಮಾಡುವುದು, ಹಣ ಕೊಡುವವರಿಗೆ ಪ್ರಸ್ತಾವನೆ ಸಿದ್ಧಪಡಿಸುವುದು ದಿನದ ಕೆಲಸ. ಸಂಬಳ ಐಟಿಯಷ್ಟು ಇರುವುದಿಲ್ಲ.

ಎಲ್ಲರಿಗೂ ಗೊತ್ತಿರುವ ದಾರಿಗಳು

ಇವನ್ನು ಬೇಗ ಮುಗಿಸುತ್ತೇನೆ. ಯುಪಿಎಸ್‌ಸಿ ಮುಖ್ಯ ಪರೀಕ್ಷೆಯಲ್ಲಿ ಕನ್ನಡ ಸಾಹಿತ್ಯವನ್ನು ಐಚ್ಛಿಕ ವಿಷಯವಾಗಿ ತೆಗೆದುಕೊಳ್ಳಬಹುದು, ತಲಾ 250 ಅಂಕದ ಎರಡು ಪತ್ರಿಕೆ. ಬ್ಯಾಂಕ್ ಪರೀಕ್ಷೆಗಳಿಗೆ ಯಾವ ಡಿಗ್ರಿಯಾದರೂ ಸರಿ. ಡಿಗ್ರಿ ಆದ ಮೇಲೆ ಮೂರು ವರ್ಷದ ಎಲ್‌ಎಲ್‌ಬಿ ಇದೆ. ತಾಲೂಕು ಕೋರ್ಟಿನಲ್ಲಿ ಕನ್ನಡದಲ್ಲಿ ಅಚ್ಚುಕಟ್ಟಾಗಿ ಬರೆಯಬಲ್ಲ ವಕೀಲರಿಗೆ ಯಾವಾಗಲೂ ಕಕ್ಷಿದಾರರಿದ್ದಾರೆ. ಗ್ರಂಥಾಲಯ ವಿಜ್ಞಾನದ ಕೋರ್ಸ್ ಮಾಡಿದರೆ ಶಾಲೆ, ಕಾಲೇಜು, ಕಂಪನಿಗಳ ಲೈಬ್ರರಿಗೆ ಅರ್ಹತೆ ಬರುತ್ತದೆ. ಸ್ಪರ್ಧಾತ್ಮಕ ಪರೀಕ್ಷೆ ಬರೆಯುವವರು ಎಷ್ಟು ವರ್ಷ ಅಂತ ಮೊದಲೇ ತೀರ್ಮಾನ ಮಾಡಿಕೊಳ್ಳಬೇಕು. ಬೆಂಗಳೂರಿನ ವಿಜಯನಗರ, ಧಾರವಾಡದ ಕೋಚಿಂಗ್ ಬೀದಿಗಳಲ್ಲಿ "ಇನ್ನೊಂದೇ ಅಟೆಂಪ್ಟ್ ಅಣ್ಣಾ" ಅನ್ನುವ ಮಾತು ನಾನು ಆರು ವರ್ಷ ಒಬ್ಬನ ಬಾಯಲ್ಲೇ ಕೇಳಿದ್ದೇನೆ.

ಶುರು ಮಾಡುವುದು ಹೇಗೆ?

ಮೊದಲು ರೆಸ್ಯೂಮೆ. ನಮ್ಮವರು ಹೀಗೆ ಬರೆಯುತ್ತಾರೆ: "ಎಂ.ಎ. ಜಾನಪದ, ಪ್ರಥಮ ದರ್ಜೆ. ಕಿರುಪ್ರಬಂಧ: ನಮ್ಮ ತಾಲೂಕಿನ ಸೋಬಾನೆ ಪದಗಳು." ಓದುವವರಿಗೆ ಇದರಿಂದ ಏನೂ ಸಿಗುವುದಿಲ್ಲ. ಅದನ್ನೇ ಹೀಗೆ ಬರೆಯಬಹುದು: "12 ಹಳ್ಳಿಗಳಲ್ಲಿ 40 ಹೆಂಗಸರನ್ನು ಮಾತಾಡಿಸಿ, 30 ಗಂಟೆ ಧ್ವನಿಮುದ್ರಿಸಿ, ಅದನ್ನು ಬರಹಕ್ಕಿಳಿಸಿ, ವಿಂಗಡಿಸಿ 80 ಪುಟದ ವರದಿ ಬರೆದಿದ್ದೇನೆ." ಕೆಲಸ ಅದೇ, ಒಂದಂಶವೂ ಸುಳ್ಳಿಲ್ಲ. ನಿಮ್ಮ ಲೆಕ್ಕ ಎಷ್ಟಿದೆಯೋ ಅಷ್ಟನ್ನೇ ಹಾಕಿ, ಏರಿಸಬೇಡಿ.

ಎರಡನೆಯದು ತೋರಿಸಲು ಏನಾದರೂ ಇರಬೇಕು. ಅಡುಗೆಯವರನ್ನು ಗೊತ್ತು ಮಾಡುವಾಗ ಅವರ ಸರ್ಟಿಫಿಕೇಟ್ ಯಾರೂ ಕೇಳುವುದಿಲ್ಲ, ಯಾವ ಮದುವೆ ಮಾಡಿದ್ದೀರಿ ಅಂತ ಕೇಳುತ್ತಾರೆ. ಅನುಭವ ಇಲ್ಲದೆ ಅನುಭವ ತರುವುದು ಎಲ್ಲಿಂದ? ಕನ್ನಡ ವಿಕಿಪೀಡಿಯ 2003ರಿಂದ ಇದೆ, ಯಾರ ಅಪ್ಪಣೆಯೂ ಇಲ್ಲದೆ ಬರೆಯಬಹುದು, ತಪ್ಪಿದ್ದರೆ ಯಾರಾದರೂ ಬೈದು ತಿದ್ದುತ್ತಾರೆ. ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್ ತಾಣದಲ್ಲಿ ಮಕ್ಕಳ ಕತೆಗಳನ್ನು ಅನುವಾದಿಸಿ ನಿಮ್ಮ ಹೆಸರಿನಲ್ಲೇ ಪ್ರಕಟಿಸಬಹುದು. ಸಬ್‌ಟೈಟಲ್ ಎಡಿಟ್ ಅನ್ನುವ ತಂತ್ರಾಂಶ ಉಚಿತ. ಐದು ನಿಮಿಷದ ವಿಡಿಯೋ ಒಂದಕ್ಕೆ ಕನ್ನಡ ಸಬ್‌ಟೈಟಲ್ ಮಾಡಿ ಇಟ್ಟುಕೊಳ್ಳಿ. ಇಂಥ ಮೂರು ತುಣುಕು ಇದ್ದರೆ ಅರ್ಜಿ ಹಾಕಬಹುದು.

ಇಂಗ್ಲಿಷ್ ಎಷ್ಟು ಬೇಕು? ಓದಿ ಅರ್ಥ ಮಾಡಿಕೊಳ್ಳುವಷ್ಟು ಚೆನ್ನಾಗಿ ಬೇಕೇ ಬೇಕು, ಅದರಲ್ಲಿ ರಿಯಾಯಿತಿ ಇಲ್ಲ. ಮಾತಾಡುವುದು ಕೆಲಸಕ್ಕೆ ಸೇರಿದ ಮೇಲೂ ಬರುತ್ತದೆ. ನನ್ನ ಮೊದಲ ಆರು ತಿಂಗಳ ಮೀಟಿಂಗ್‌ಗಳಲ್ಲಿ ನಾನು ಆಡಿದ ಮಾತು "ಯೆಸ್" ಮತ್ತು "ಓಕೆ" ಎರಡೇ.

ಮೋಸಗಳೂ ಇವೆ. ಕೆಲಸ ಕೊಡಲು ನೋಂದಣಿ ಶುಲ್ಕ ಕೇಳಿದರೆ ಅಲ್ಲಿಗೇ ಬಿಡಿ. ಪರೀಕ್ಷೆಗೆ ಅಂತ ಒಂದು ಪುಟ ಕೊಡುವುದು ಸಹಜ. ಇಪ್ಪತ್ತು ಪುಟ ಕೊಟ್ಟರೆ ಅದು ಪರೀಕ್ಷೆ ಅಲ್ಲ, ಬಿಟ್ಟಿ ಕೆಲಸ. ಇಂಥದೊಂದನ್ನು ನಾನೂ ಮಾಡಿಕೊಟ್ಟು, ಆರು ತಿಂಗಳಾದ ಮೇಲೆ ಒಂದು ಸಂಸ್ಥೆಯ ಪುಸ್ತಿಕೆಯಲ್ಲಿ ನನ್ನದೇ ವಾಕ್ಯಗಳನ್ನು ಓದಿದ್ದೇನೆ.

ಹೊಸಬರಿಗೆ ನಾವು ಕೊಡುವ ಪರೀಕ್ಷೆ ಒಂದೇ ಸಾಲಿನದು. ನೀವೂ ಮಾಡಿ ನೋಡಿ. ಪರದೆಯಲ್ಲಿ ಒಂದು ಸಂಖ್ಯೆ, ಅದರ ಮುಂದೆ "ಪ್ರಯಾಣಿಕರು" ಅಂತ ಇದೆ. ಸಂಖ್ಯೆ 5 ಆದಾಗ ಚೆನ್ನಾಗಿದೆ. 1 ಆದಾಗ "1 ಪ್ರಯಾಣಿಕರು" ಅಂತ ಬರುತ್ತಿದೆ. "ಪ್ರಯಾಣಿಕ" ಅಂತ ಮಾಡಿದರೆ ಟಿಕೆಟ್ ತೆಗೆದವರು ಹೆಂಗಸಾಗಿರಬಹುದು. ಹಾಕಬಹುದಾದ್ದು ಒಂದೇ ವಾಕ್ಯ, ಅದು ಎಲ್ಲ ಸಂಖ್ಯೆಗೂ ಎಲ್ಲರಿಗೂ ಹೊಂದಬೇಕು, ಇಪ್ಪತ್ತು ಅಕ್ಷರ ದಾಟಬಾರದು. ನನ್ನ ಉತ್ತರ "ಪ್ರಯಾಣಿಕರ ಸಂಖ್ಯೆ: 1". ಹೋದ ಸಲ ತುಮಕೂರಿನಿಂದ ಬಂದಿದ್ದ ಹುಡುಗಿಯೊಬ್ಬಳು "1 ಸೀಟು" ಅಂತ ಬರೆದು ಪೇಪರ್ ಕೊಟ್ಟು ಎದ್ದಳು. ಅವಳು ಈಗ ನನ್ನ ಪಕ್ಕದ ಟೇಬಲ್‌ನಲ್ಲಿ ಕೂರುತ್ತಾಳೆ.